‘ಬೆಚ್ಚಗೆ ತನ್ನಿ’ ಎಂದು ಬರೆದವಳು

ಮೂವತ್ತೆಂಟು ತುಂಬುವ ಮೊದಲೇ ನಾನು ವೃತ್ತಿಯಿಂದ ನಿವೃತ್ತಳಾದೆ. ಹಾರ, ಶಾಲು, ಬೀಳ್ಕೊಡುಗೆಯ ಭಾಷಣ ಯಾವುದೂ ಇರಲಿಲ್ಲ. ಇದ್ದಿದ್ದರೂ ತಲೆಯೆತ್ತಿ ಸ್ವೀಕರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ತೊಂಬತ್ತರ ದಶಕದ ಆರಂಭದಿಂದ ಹದಿಮೂರು ವರ್ಷ ಮೂಡಿಗೆರೆಯ ಒಂದು ಖಾಸಗಿ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತೆ. ಅಲ್ಲಿ ನಾನು ಸಹಿ ಹಾಕಿದ ಒಂದು ವರದಿ ಒಬ್ಬ ಬಸುರಿಯನ್ನು ಗಂಡನ ಮನೆಯಿಂದ ಹೊರಗೆ ಹಾಕಿಸಿತು. ಅದು ತಪ್ಪು ವರದಿಯೆಂದು ತಿಳಿದ ಮೇಲೂ ನಾನು ಮೂರು ವರ್ಷ ಬಾಯಿ ಬಿಡಲಿಲ್ಲ. ಈಗ ಲ್ಯಾಬುಗಳಿಗೆ ಕೆಲಸಕ್ಕೆ ಸೇರುತ್ತಿರುವ ಕಿರಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದು ಇದರ ಉದ್ದೇಶವಲ್ಲ. ಉತ್ತರ ಹೇಳಬೇಕಾದವರು ಉತ್ತರ ಹೇಳಬೇಕು, ಅಷ್ಟೇ. ಅವರಲ್ಲಿ ಮೊದಲನೆಯವಳು ನಾನು.

ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ ಬಂದವಳು ನಾನು. ಹಾಸ್ಟೆಲಿನ ನೀರಿನ ತೊಟ್ಟಿಯಲ್ಲಿ ಸತ್ತ ಇಲಿ ಸಿಕ್ಕಿದಾಗ ವಾರ್ಡನ್ ಲಿಖಿತವಾಗಿ ತಪ್ಪೊಪ್ಪಿಕೊಳ್ಳುವ ತನಕ ಮೆಟ್ಟಿಲ ಮೇಲೆ ಎರಡು ದಿನ ಧರಣಿ ಕೂತವಳು. ಹೊಣೆಗಾರಿಕೆ ಎಂಬ ಪದವನ್ನು ಆಗ ನಾನು ದಿನಕ್ಕೆ ಹತ್ತು ಸಲ ಬಳಸುತ್ತಿದ್ದೆ. ಅದು ಸದಾ ಇನ್ನೊಬ್ಬರಿಗೆ ಅನ್ವಯಿಸುವ ಪದವೆಂದು ನಂಬಿದ್ದೆನೆಂದು ಕಾಣುತ್ತದೆ.

ಲ್ಯಾಬಿನ ಮಾಲೀಕರು ವೈದ್ಯರೇ. ಊರಿನವರು ಅವರನ್ನು ‘ದೊಡ್ಡ ಡಾಕ್ಟ್ರು’ ಎನ್ನುತ್ತಿದ್ದರು. ಜ್ವರದ ರಕ್ತ, ಸಕ್ಕರೆ ಕಾಯಿಲೆಯ ಮೂತ್ರ, ಕಫ ಇವು ದಿನನಿತ್ಯದ ಕೆಲಸ. ವಾರಕ್ಕೆ ಎರಡೋ ಮೂರೋ ವೀರ್ಯ ಪರೀಕ್ಷೆಗಳು ಬರುತ್ತಿದ್ದವು. ಅವು ಬರುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಂಡತಿ ಮೊದಲು ಬರುತ್ತಿದ್ದಳು. ಅವಳ ರಕ್ತ ತೆಗೆಯಲಾಗುತ್ತಿತ್ತು; ಗರ್ಭನಾಳಕ್ಕೆ ಔಷಧಿ ಹಾಯಿಸಿ ಚಿತ್ರ ತೆಗೆಯಲಾಗುತ್ತಿತ್ತು; ಗರ್ಭಕೋಶವನ್ನು ಕೆರೆದು ನೋಡಲಾಗುತ್ತಿತ್ತು. ನಾಲ್ಕೈದು ವರ್ಷ ಮಾತ್ರೆ ನುಂಗಿ ಅವಳ ಮೈ ಊದಿಕೊಂಡ ಮೇಲೆ, ಬೇರೆ ದಾರಿಯಿಲ್ಲವೆಂದಾದಾಗ, ಗಂಡನ ಸರದಿ. ಅವನದೋ, ಒಂದೇ ಬಾಟಲಿಯ, ನೋವಿಲ್ಲದ, ಅರ್ಧ ದಿನದಲ್ಲಿ ಮುಗಿಯುವ ಪರೀಕ್ಷೆ. ಈ ಕ್ರಮ ತಲೆಕೆಳಗಾಗಿದೆಯೆಂದು ಸೇರಿದ ಮೊದಲ ತಿಂಗಳಲ್ಲೇ ನನಗೆ ತಿಳಿದಿತ್ತು. ಹೇಳಲಿಲ್ಲ.

ಆಲ್ದೂರಿನ ಕಡೆಯ ಒಬ್ಬ ಬೆಳೆಗಾರರ ಬಾಟಲಿ ಬಂದ ದಿನ ಡಾಕ್ಟರು ನನ್ನನ್ನು ಒಳಗೆ ಕರೆದರು.

“ರಿಜಿಸ್ಟರಲ್ಲಿ ಅವ್ರ ಹೆಸ್ರು ಬೇಡಮ್ಮ. ಮರ್ಯಾದಸ್ಥರು. ಹೆಂಡ್ತಿ ಹೆಸ್ರು ಹಾಕಿ, ನಂಗೆ ಗೊತ್ತಾಗ್ತದೆ.”

“ಸರ್, ವೀರ್ಯದ ಎಣಿಕೆ ಹೆಂಗಸಿನ ಹೆಸ್ರಲ್ಲಾ?”

“ರಿಜಿಸ್ಟರ್ ಓದೋಕೆ ಯಾರು ಬರ್ತಾರೆ ಮಾರಾಯ್ತಿ? ಬರೀರಿ.”

ಬರೆದೆ. ಆಮೇಲೆ ಅದೇ ರೂಢಿಯಾಯಿತು. ನಮ್ಮ ರಿಜಿಸ್ಟರಿನಲ್ಲಿ ವರ್ಷಗಟ್ಟಲೆ ಹೆಂಗಸರಿಗೆ ವೀರ್ಯಾಣುಗಳಿದ್ದವು. ಆ ಬೆಳೆಗಾರರಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ಆದರೆ ಮಾತ್ರೆ ನುಂಗುವುದನ್ನು ಅವರ ಹೆಂಡತಿ ಮತ್ತೆರಡು ವರ್ಷ ಮುಂದುವರಿಸಿದರು. ಯಾವುದಕ್ಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಗಂಡಸರು ಸ್ವತಃ ಬಂದರೆ ಇನ್ನೊಂದು ಫಜೀತಿ. ಒಬ್ಬ ಎಸ್ಟೇಟ್ ರೈಟರ್, ಹಾಜರಿ ಬರೆಯುವ ಅಚ್ಚುಕಟ್ಟಿನ ಮನುಷ್ಯ, ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ಮೇಜಿನ ಮೇಲಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತ.

“ಇದು ನಂದಲ್ಲ ಮೇಡಂ. ಫ್ರೆಂಡ್‌ದು.”

“ಅವ್ರ ವಯಸ್ಸು?”

“ನನ್ನಷ್ಟೇ.”

“ಯಾವಾಗ ತೆಗೆದಿದ್ದು?”

“ಈಗ... ಅಂದ್ರೆ, ಅವ್ನು ಹೇಳ್ದ, ಈಗ ಹತ್ತು ನಿಮಿಷ ಆಯ್ತಂತೆ.”

ಅಟೆಂಡರ್ ತಿಮ್ಮಪ್ಪ ಬಾಗಿಲಲ್ಲಿ ನಿಂತು, “ಫ್ರೆಂಡು ಹೊರಗೆ ಜೀಪಲ್ಲಿದಾರೋ, ಇಲ್ಲಾ ನಿಮ್ ಅಂಗಿಯೊಳಗೇ ಇದಾರೋ ಮಾರಾಯ್ರೇ?” ಎಂದ. ರೈಟರ್ ಕಿವಿಯವರೆಗೂ ಕೆಂಪಾದ. ನಾನೂ ನಕ್ಕೆ. ಆ ಮನುಷ್ಯ ವರದಿ ಒಯ್ಯಲು ಮರಳಿ ಬರಲೇ ಇಲ್ಲ. ಅವನ ವೀರ್ಯಾಣುಗಳ ಸಂಖ್ಯೆ ಕಡಿಮೆಯಿತ್ತು. ವೃಷಣದ ಬಳಿ ರಕ್ತನಾಳಗಳು ಹಿಗ್ಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಸಾಧ್ಯತೆಯಿತ್ತು. ನಮ್ಮ ನಗು ಅವನಿಂದ ಆ ಸಾಧ್ಯತೆಯನ್ನು ಕಿತ್ತುಕೊಂಡಿತು.

ಕಿರಿಯರೇ, ಗಂಡಸಿನ ಬಂಜೆತನ ಒಂದೇ ಕಾಯಿಲೆಯಲ್ಲ. ಪ್ರಾಯಕ್ಕೆ ಬಂದ ಮೇಲೆ ಕೆನ್ನೆ ಊದಿಸುವ ಕೆಪ್ಪಟೆರಾಯ ಬಂದು ವೃಷಣಕ್ಕೆ ಇಳಿದಿರಬಹುದು. ಸೋಂಕಿನಿಂದ ನಾಳ ಕಟ್ಟಿರಬಹುದು. ಹಾರ್ಮೋನಿನ ಕೊರತೆ, ಹುಟ್ಟಿನಿಂದ ಬಂದ ದೋಷ, ಅತಿಯಾದ ಕುಡಿತ, ಬೀಡಿ, ದಿನವಿಡೀ ಬೆಂಕಿಯ ಶಾಖದೆದುರು ನಿಲ್ಲುವ ಕೆಲಸ, ಯಾವುದೂ ಇರಬಹುದು. ಕೆಲವಕ್ಕೆ ಔಷಧಿಯುಂಟು, ಕೆಲವಕ್ಕೆ ಶಸ್ತ್ರಚಿಕಿತ್ಸೆಯುಂಟು. ಎರಡು ಸಾವಿರದ ಇಸವಿಯ ಹೊತ್ತಿಗೆ ಒಂದೇ ವೀರ್ಯಾಣುವನ್ನು ಆರಿಸಿ ಅಂಡಕ್ಕೆ ಸೇರಿಸುವ ವಿಧಾನ ದೊಡ್ಡ ಊರುಗಳಿಗೆ ಬಂದಿತ್ತು. ಇವುಗಳಲ್ಲಿ ಯಾವುದು ಎಂದು ಹುಡುಕಲು ಮೊದಲು ಕೇಳಬೇಕು. ನಮ್ಮ ಫಾರಮಿನಲ್ಲಿ ‘ಉದ್ಯೋಗ’ ಎಂಬ ಅಂಕಣವಿತ್ತು. ಕಾಂಡಕೊರಕ ಹುಳುವಿಗೆಂದು ಕಾಫಿ ಗಿಡಗಳ ಕಾಂಡಕ್ಕೆ ಬರಿಗೈಯಲ್ಲಿ ವಿಷ ಬಳಿಯುತ್ತಿದ್ದ ಕೂಲಿಯಾಳುಗಳ ಫಾರಮಿನಲ್ಲೂ ಅದನ್ನು ನಾನು ಖಾಲಿ ಬಿಟ್ಟೆ. ಆ ವಿಷಕ್ಕೂ ಅವರ ಎಣಿಕೆಗೂ ಸಂಬಂಧವಿತ್ತೋ ಇಲ್ಲವೋ, ಇವತ್ತು ಯಾರೂ ಹೇಳಲಾರರು. ಹೇಳಲಾಗದಂತೆ ಮಾಡಿದವಳು ನಾನು.

ಈಗ ತಲೆಬರಹದ ಚೀಟಿಯ ವಿಷಯ. ಲ್ಯಾಬಿನಲ್ಲಿ ವೀರ್ಯ ಸಂಗ್ರಹಿಸಲು ಕೋಣೆಯಿರಲಿಲ್ಲ. ಇದ್ದ ಒಂದು ಹೆಚ್ಚುವರಿ ಕೋಣೆಯಲ್ಲಿ ಡಾಕ್ಟರ ತೋಟದ ಕಾಳುಮೆಣಸಿನ ಚೀಲಗಳಿದ್ದವು. ಹಿಂದುಗಡೆಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಹಾಗಾಗಿ ಬಾಟಲಿ ಮನೆಯಿಂದ ಬರುತ್ತಿತ್ತು, ಬಹುತೇಕ ಹೆಂಡತಿಯ ಕೈಯಲ್ಲಿ, ಬಸ್ಸಿನಲ್ಲಿ. ನಮ್ಮ ಗುಡ್ಡಗಳ ಚಳಿಗೆ ಅದು ತಣ್ಣಗಾದರೆ ವೀರ್ಯಾಣುಗಳ ಚಲನೆ ಕುಂದುತ್ತದೆ. ಅದಕ್ಕಾಗಿ ನಾನು ಒಂದು ಸೂಚನಾ ಚೀಟಿ ಬರೆದು ಅಚ್ಚು ಹಾಕಿಸಿದೆ. ಪಠ್ಯಪುಸ್ತಕದಲ್ಲಿದ್ದುದು ಸ್ಪಷ್ಟ: ಬಾಟಲಿಯನ್ನು ಬಟ್ಟೆಯ ಒಳಗೆ ಮೈಗೆ ತಾಗಿಸಿಕೊಂಡು, ಮೈಯ ಶಾಖದಲ್ಲೇ, ಒಂದು ಗಂಟೆಯೊಳಗೆ ತರಬೇಕು. ಹೆಂಗಸರ ಕೈಗೆ ಕೊಡುವ ಚೀಟಿಯಲ್ಲಿ ಮೈ, ರವಿಕೆ, ಕಂಕುಳು ಎಂದೆಲ್ಲ ಬರೆಯಲು ನನಗೆ ನಾಚಿಕೆಯಾಯಿತು. ಅಷ್ಟೊಂದು ಓದಿದ ನನಗೆ. ಆ ಜಾಗದಲ್ಲಿ ಎರಡು ಪದ ಬರೆದೆ: ‘ಬೆಚ್ಚಗೆ ತನ್ನಿ.’

ಲಲಿತ ಬಂದದ್ದು ಮಳೆಗಾಲದ ಒಂದು ಬೆಳಿಗ್ಗೆ. ಕಳಸದ ದಾರಿಯ ಒಂದು ಎಸ್ಟೇಟಿನಲ್ಲಿ ಅವಳ ಗಂಡ ಮಂಜಪ್ಪ ಮೇಸ್ತ್ರಿ, ಎಂದರೆ ಕೂಲಿಯವರ ಮೇಲ್ವಿಚಾರಕ. ಮದುವೆಯಾಗಿ ಆರು ವರ್ಷ. ಅವಳ ಅತ್ತೆ ತಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡಲು ಶುರುಮಾಡಿದ್ದರು. ಲಲಿತಳ ಪರೀಕ್ಷೆಗಳೆಲ್ಲ ಸರಿಯಿದ್ದುದರಿಂದ, ಮತ್ತೊಂದು ಮದುವೆಗೆ ಮೊದಲು ಮಂಜಪ್ಪನದೂ ಒಂದು ಆಗಿಬಿಡಲಿ ಎಂದು ಹಟ ಹಿಡಿದು ಅವಳೇ ಬಾಟಲಿ ತಂದಿದ್ದಳು. ಟವೆಲಿನಲ್ಲಿ ಸುತ್ತಿದ್ದ ಅದನ್ನು ಮುಟ್ಟಿದಾಗ ಹಿತವಾಗಿ ಬೆಚ್ಚಗಿತ್ತು. ನನಗೆ ಸಂತೋಷವಾಯಿತು. ಬೆಂಚಿನ ಮೇಲಿದ್ದ ಉಳಿದ ಹೆಂಗಸರಿಗೆ ಕೇಳುವಂತೆ, “ನೋಡಿ, ಚೀಟಿ ಓದಿ ತಂದವ್ರು ಇವ್ರೊಬ್ರೇ” ಎಂದೆ. ಲಲಿತ ನಾಚಿ ಸೆರಗು ಎಳೆದುಕೊಂಡಳು.

ಸ್ಲೈಡಿನಲ್ಲಿ ಎಣಿಕೆ ಧಾರಾಳವಾಗಿತ್ತು. ಆದರೆ ಒಂದೂ ಅಲುಗಾಡುತ್ತಿರಲಿಲ್ಲ. ಬಣ್ಣ ಹಾಕಿ ನೋಡಿದೆ, ಎಲ್ಲವೂ ಸತ್ತಿದ್ದವು. ಇಂಥದ್ದು ಅಪರೂಪ. ಅಪರೂಪವಾದದ್ದು ಕಂಡಾಗ, ತಂದ ರೀತಿಯಲ್ಲಿ ತಪ್ಪಿರಬಹುದೇ ಎಂದು ಮೊದಲು ಕೇಳಬೇಕು; ಕೆಲವು ವಾರ ಬಿಟ್ಟು ಎರಡನೆಯ ಸಲ ಪರೀಕ್ಷಿಸಬೇಕು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆ ದಿನ ನನಗೆ ಸಂಶಯ ಬರಲಿಲ್ಲ, ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡೆನೆಂಬ ಪುಳಕ ಬಂತು. ‘ಜೀವಂತ ವೀರ್ಯಾಣು: ಶೂನ್ಯ’ ಎಂದು ಬರೆದು ಸಹಿ ಹಾಕಿದೆ. ಡಾಕ್ಟರು ಮಂಜಪ್ಪನನ್ನು ಕರೆಸಿ, ಮಕ್ಕಳಾಗುವುದಿಲ್ಲ ಎಂದರು. ಮಾತು ಐದು ನಿಮಿಷವೂ ನಡೆಯಲಿಲ್ಲ.

ಎರಡನೆಯ ಮದುವೆಯ ಮಾತು ನಿಂತಿತು. ಐದು ತಿಂಗಳ ಮೇಲೆ ಲಲಿತ ಬಸುರಿಯಾದಳು.

ಮಂಜಪ್ಪ ಲ್ಯಾಬಿಗೆ ಬಂದಾಗ ಮಧ್ಯಾಹ್ನ, ಬೆಂಚುಗಳು ಖಾಲಿಯಿದ್ದವು. ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಂಗಿಯೊಳಗೆ ತಂದಿದ್ದ. ಮೇಜಿನ ಮೇಲೆ ಬಿಡಿಸಿಟ್ಟ.

“ಮೇಡಂ, ಈ ಕಾಗದ ನಿಜವಾ, ಅವ್ಳ ಹೊಟ್ಟೆ ನಿಜವಾ? ಒಂದು ಹೇಳಿ.”

“ಏನಾಯ್ತು?”

“ನನ್ನತ್ರ ಜೀವ ಇರೋದು ಒಂದೂ ಇಲ್ಲ ಅಂತ ಬರೆದಿದೀರ. ಅವ್ಳಿಗೆ ಮೂರು ತಿಂಗ್ಳು. ಅಮ್ಮ ದಿನಾ ಕೇಳ್ತಾಳೆ, ಯಾರ್ದು ಅಂತ. ಎಸ್ಟೇಟ್ ಲೈನ್ ಮನೇಲಿ ಕೂಲಿ ಹೆಂಗಸ್ರು ನನ್ನ ಕಂಡ್ರೆ ನಗ್ತಾರೆ. ತಪ್ಪಿದ್ರೆ ತಪ್ಪು ಅಂತ ಹೇಳ್ಬಿಡಿ ಮೇಡಂ. ನಾ ಏನೂ ಅನ್ನಲ್ಲ. ಕಾಲಿಗೆ ಬೀಳ್ತೀನಿ ಬೇಕಾದ್ರೆ.”

ತಪ್ಪಿರಲಿ ಎಂದು ಆ ಮನುಷ್ಯ ಬೇಡುತ್ತಿದ್ದ. ಇನ್ನೊಂದು ಸಲ ಪರೀಕ್ಷೆ ಮಾಡೋಣ ಎಂಬ ನಾಲ್ಕು ಪದ ಸಾಕಿತ್ತು. ನಾನು ಹೇಳಿದ್ದು ಬೇರೆ: “ಮೈಕ್ರೋಸ್ಕೋಪ್ ಸುಳ್ಳು ಹೇಳಲ್ಲ. ನಾನು ಎರಡು ಸಲ ನೋಡಿದೀನಿ.” ಒಂದೇ ಬಾಟಲಿಯನ್ನು ಎರಡು ಸಲ ನೋಡಿದ್ದೆ ಎಂಬುದನ್ನು ಹೇಳಲಿಲ್ಲ. ಅವನು ಕಾಗದ ಮಡಚಿ ಮತ್ತೆ ಅಂಗಿಯೊಳಗಿಟ್ಟುಕೊಂಡ. ಮರುದಿನ ಲಲಿತಳನ್ನು ಜಾವಳಿಯ ತವರಿಗೆ ಬಿಟ್ಟುಬಂದರು.

ಗರ್ಭಕ್ಕೆ ಏಳು ತಿಂಗಳಾದಾಗ ಅವಳೇ ಬಂದಳು, ತಾಯಿಯ ತೋಳು ಹಿಡಿದುಕೊಂಡು. ಅಳಲಿಲ್ಲ. ಬೆಂಚಿನ ಮೇಲೆ ಕೂತು ಕೇಳಿದಳು: “ನಾನು ತರೋದ್ರಲ್ಲಿ ಏನಾದ್ರೂ ತಪ್ಪಾಯ್ತಾ ಮೇಡಂ? ನೀವು ಹೇಳ್ದಂಗೇ ತಂದಿದ್ದೆ.”

“ಹೇಗೆ ತಂದ್ರಿ?”

“ಮಳೆ ಇತ್ತಲ್ಲ. ಬಸ್ಸಲ್ಲಿ ತಣ್ಣಗಾಗ್ತದೆ ಅಂತ, ತೋಟಕ್ಕೆ ಕಾಫಿ ಒಯ್ಯೋ ಅಗಲ ಬಾಯಿ ಫ್ಲಾಸ್ಕಲ್ಲಿ ಬಿಸಿನೀರು ಹಾಕಿ, ಅದ್ರೊಳಗೆ ಬಾಟ್ಲಿ ಇಟ್ಟೆ. ಇಲ್ಲಿ ಬಸ್ ಸ್ಟ್ಯಾಂಡಲ್ಲಿ ತೆಗೆದು ಒರೆಸ್ದೆ. ನೀವು ಹೊಗಳಿದ್ರಲ್ಲ ಅವತ್ತು.”

ತಿಮ್ಮಪ್ಪ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ನನ್ನ ಮುಖ ನೋಡಿದ. ಮೈಯ ಶಾಖಕ್ಕಿಂತ ಹೆಚ್ಚಿನ ಬಿಸಿಯನ್ನು ವೀರ್ಯಾಣು ತಡೆಯಲಾರದು. ಬಸ್ಸಿನ ದಾರಿಯುದ್ದಕ್ಕೂ ಬಿಸಿನೀರಿನಲ್ಲಿ ಅವಳ ಗಂಡನ ವೀರ್ಯ ಬೆಂದುಹೋಗಿತ್ತು. ಅವಳಿಗೆ ಅದನ್ನು ಆಗಲೇ ಹೇಳಬೇಕಿತ್ತು. “ಸರ್ ಹತ್ರ ಮಾತಾಡಿ ಹೇಳ್ತೀನಿ” ಎಂದು ಕಳಿಸಿದೆ.

ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು. “ಅವ್ನು ಬಂದ್ರೆ ಫ್ರೀಯಾಗಿ ಇನ್ನೊಂದು ಟೆಸ್ಟ್ ಮಾಡಿ, ಪಾಪ. ಬರವಣಿಗೇಲಿ ಏನೂ ಕೊಡೋದು ಬೇಡ. ಒಂದು ರಿಪೋರ್ಟ್ ತಪ್ಪು ಅಂತ ಒಪ್ಕೊಂಡ್ರೆ ಇಷ್ಟು ವರ್ಷದ ರಿಪೋರ್ಟೆಲ್ಲ ವಾಪಸ್ ಬರ್ತಾವೆ.”

“ಆ ಹುಡುಗಿ ಗತಿ, ಸರ್?”

“ಮಗು ಹುಟ್ಲಿ, ಮುಖ ನೋಡಿದ್ರೆ ಅವ್ನೇ ಕರ್ಕೊಂಡು ಹೋಗ್ತಾನೆ. ನಿಮ್ ಕೆಲ್ಸ ನೋಡಿ.”

ನನ್ನ ಕೆಲಸ ನೋಡಿದೆ. ಮಂಜಪ್ಪನಿಗೆ ಬರಹೇಳಿ ಒಂದು ಕಾರ್ಡು ಹಾಕಿದೆ, ಯಾಕೆಂದು ಬರೆಯಲಿಲ್ಲ, ಅವನು ಬರಲಿಲ್ಲ. ಆದರೆ ಆ ವಾರವೇ ಹಳೆಯ ಚೀಟಿಗಳನ್ನು ಸುಟ್ಟು, ‘ಬಿಸಿನೀರಿನಲ್ಲಿ ಇಡಬಾರದು’ ಎಂಬ ಸಾಲು ಸೇರಿಸಿ ಹೊಸ ಚೀಟಿ ಅಚ್ಚು ಹಾಕಿಸಿದೆ. ಚೀಟಿಯನ್ನು ತಿದ್ದಿದೆ, ವರದಿಯನ್ನು ತಿದ್ದಲಿಲ್ಲ. ನನ್ನ ಹದಿಮೂರು ವರ್ಷಗಳಲ್ಲಿ ಇದಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ. ತಪ್ಪು ಗೊತ್ತಿರಲಿಲ್ಲ ಎಂಬ ನೆಪವನ್ನೂ ಆ ಹೊಸ ಚೀಟಿ ನನಗೆ ಉಳಿಸಿಲ್ಲ.

ಮೂರು ವರ್ಷ ಹೀಗೇ ಕಳೆಯಿತು. ಕಾಳುಮೆಣಸಿನ ಚೀಲಗಳು ಹೊರಹೋಗಿ ಆ ಕೋಣೆಗೆ ಚಿಲಕ, ಪರದೆ, ಕೈತೊಳೆಯುವ ತೊಟ್ಟಿ ಬಂದವು. ಸ್ಲೈಡನ್ನು ಮೈಯ ಶಾಖದಲ್ಲೇ ಇಡುವ ತಟ್ಟೆಯಿದ್ದ ಹೊಸ ಸೂಕ್ಷ್ಮದರ್ಶಕ ಬಂತು. ನನ್ನನ್ನು ಹಿರಿಯ ತಂತ್ರಜ್ಞೆ ಎಂದು ಕರೆಯತೊಡಗಿದರು.

ಒಂದು ದಿನ ಲಲಿತ ಜ್ವರ ಬಂದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು, ರಕ್ತ ಪರೀಕ್ಷೆಗೆ. ತಿಮ್ಮಪ್ಪ ರಜೆಯಲ್ಲಿದ್ದ. ರಿಜಿಸ್ಟರಿಗೆ ಹೊಸದಾಗಿ ಸೇರಿದ್ದ ಹುಡುಗಿ ಕೂತಿದ್ದಳು.

“ಮಗು ಹೆಸ್ರು?”

“ಅನುಷಾ.”

“ತಂದೆ ಹೆಸ್ರು?”

ಲಲಿತ ನನ್ನ ಕಡೆ ಬೆರಳು ತೋರಿಸಿದಳು. “ಆ ಮೇಡಮ್ಮನ್ನ ಕೇಳಿ. ಅವ್ರಿಗೆ ಗೊತ್ತು.”

ಮಗುವಿನ ಬೆರಳಿಗೆ ಸೂಜಿ ಚುಚ್ಚಿದವಳು ನಾನೇ. ಅದು ಅತ್ತಿತು. ಮರುದಿನ ರಜೆ ಹಾಕಿ ಕಳಸದ ಬಸ್ಸು ಹತ್ತಿದೆ.

ಮಂಜಪ್ಪ ಕಾಫಿ ಒಣಗಿಸುವ ಕಣದಲ್ಲಿದ್ದ. ಪಕ್ಕದಲ್ಲಿ ಅವನ ತಾಯಿ, ಬೀಜ ಕೆದಕುತ್ತಿದ್ದ ಐದಾರು ಹೆಂಗಸರು. ಎಲ್ಲರೂ ಕೇಳುವಂತೆ ಹೇಳಿದೆ: ವರದಿ ತಪ್ಪು, ಬಿಸಿನೀರಿನಿಂದ ಆದದ್ದು, ತಪ್ಪು ಲಲಿತಳದ್ದಲ್ಲ.

ಅವನ ತಾಯಿ ಸೊಂಟಕ್ಕೆ ಕೈಯಿಟ್ಟಳು. “ಈಗ ಹೇಳಕ್ಕೆ ಬಂದ್ಯಾ ತಾಯೀ? ಮೂರು ವರ್ಷ ನಿನ್ನ ಬಾಯಲ್ಲಿ ಎಂತ ಇತ್ತು, ಎಲೆ ಅಡಿಕೆಯಾ?”

“ಇನ್ನೊಂದು ಸಲ ಪರೀಕ್ಷೆ ಮಾಡೋಣ” ಎಂದು ಮಂಜಪ್ಪನಿಗೆ ಹೇಳಿದೆ. ಅವನು ಕಾಲು ತೊಳೆದುಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದ. ಹೊಸ ಕೋಣೆಯಲ್ಲಿ ಬಾಟಲಿ ಕೊಟ್ಟ. ಅರ್ಧ ಗಂಟೆಯ ಮೇಲೆ ನಾನು ಸ್ಲೈಡ್ ಸರಿಪಡಿಸಿ ಕುರ್ಚಿ ಬಿಟ್ಟು ಎದ್ದೆ. “ನೀವೇ ನೋಡಿ.” ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ನೋಡಿದ. “ಇಷ್ಟೊಂದಾ?” ಎಂದ. ಆಮೇಲೆ, “ಎಲ್ಲಾ ಓಡಾಡ್ತಾವಲ್ಲ ಮೇಡಂ” ಎಂದ. ತಲೆಯೆತ್ತಿದಾಗ ಕಣ್ಣೀರು ಇಳಿಯುತ್ತಿತ್ತು.

ಅಲ್ಲಿಂದ ನೇರವಾಗಿ ಜಾವಳಿಗೆ ಹೋದೆವು. ಲಲಿತ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ಮಂಜಪ್ಪ ಬೇಲಿಯ ಹೊರಗೇ ನಿಂತ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿ ಗಂಡನ ಕಡೆ ತಿರುಗಿದಳು.

“ನೋಡಿದ್ಯಾ ಕಣ್ಣಲ್ಲಿ?”

“ನೋಡ್ದೆ ಮಾರಾಯ್ತಿ. ತಪ್ಪಾಯ್ತು. ಬಾ, ಹೋಗಣ.”

“ಗಾಜಲ್ಲಿ ನೋಡಿ ನಂಬ್ದೆ. ಆರು ವರ್ಷ ಜೊತೇಲಿ ಬಾಳಿದ್ದೆ, ಬಾಯಲ್ಲಿ ಹೇಳಿದ್ದೆ, ಆಗ ನಂಬ್ಲಿಲ್ಲ. ಮಗಳ್ನ ನೋಡ್ಬೇಕಾದ್ರೆ ಬಾ, ಬೇಡ ಅನ್ನಲ್ಲ. ನಾನು ಬರಲ್ಲ.”

ಅವನು ಬೇಲಿ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಅವಳು ನನ್ನತ್ತ ಬಂದಳು.

“ನೀವು ಬಾಯಲ್ಲಿ ಹೇಳಿದ್ದು ಸಾಲ್ದು ಮೇಡಂ. ನನ್ನ ಓಡ್ಸಿದ್ದು ಕಾಗ್ದ. ಕಾಗ್ದದಲ್ಲೇ ಬರ್ದು ಕೊಡಿ. ಮಗು ದೊಡ್ಡದಾದ್ಮೇಲೆ ಯಾರಾದ್ರೂ ಕೇಳಿದ್ರೆ ತೋರ್ಸಕ್ಕೆ.”

ಬರವಣಿಗೆಯಲ್ಲಿ ಏನೂ ಕೊಡಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಹಾಗೆ ಬರೆದುಕೊಟ್ಟರೆ ನನಗೆ ಅಲ್ಲಿ ಜಾಗವಿಲ್ಲ ಎಂಬುದೂ ಗೊತ್ತಿತ್ತು. ಅವಳ ತಾಯಿ ಒಳಗಿನಿಂದ ಒಂದು ನೋಟ್‌ಬುಕ್ ತಂದು ನಡುವಿನ ಹಾಳೆ ಹರಿದುಕೊಟ್ಟರು. ಜಗಲಿಯಲ್ಲಿ ಕೂತು ಬರೆದೆ. ಲಲಿತ ಅದನ್ನು ಬೆರಳಿಟ್ಟುಕೊಂಡು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದಳು. “ಹಿಂದೆ ನೀಡಲಾದ ವರದಿಯು ತಾಂತ್ರಿಕ ದೋಷದಿಂದ ತಪ್ಪಾಗಿರುತ್ತದೆ...” ಅಲ್ಲಿ ನಿಂತಳು.

“ತಾಂತ್ರಿಕ ದೋಷ ಅಂದ್ರೆ ಯಾರು ಮೇಡಂ?”

ನಾನು ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಆ ಎರಡು ಪದಗಳನ್ನು ಹೊಡೆದುಹಾಕಿ, ಮೇಲೆ ನನ್ನ ಹೆಸರು ಬರೆದೆ. ಅವಳು ಮತ್ತೆ ಮೊದಲಿನಿಂದ ಓದತೊಡಗಿದಳು, ಬೇಲಿಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ.